ದಾರಿ ಆರಿಸುವ ವಯಸ್ಸು

ವಯಸ್ಸಾಯಿತು ಎಂಬ ಸುದ್ದಿ ಮನುಷ್ಯನಿಗೆ ಮೊದಲು ಎಲ್ಲಿಂದ ತಲುಪುತ್ತದೆ? ಮೊಣಕಾಲಿನಿಂದಲೋ ಕಣ್ಣಿನಿಂದಲೋ ಇರಬೇಕೆಂದು ನಾವು ಭಾವಿಸುತ್ತೇವೆ. ಆದರೆ ಅನೇಕರ ಬಾಳಿನಲ್ಲಿ ಅದು ಬರುವುದು ಮನೆಯವರ ಬಾಯಿಂದಲೇ. ಹೊಸ್ತಿಲು ದಾಟಿ ಒಂದು ಹೆಜ್ಜೆ ಇಡುತ್ತಿದ್ದಂತೆ ಒಳಗಿನಿಂದ ದನಿ ಕೇಳಿಸುತ್ತದೆ: ‘ಮುತ್ಯಾ, ಒಬ್ರೇ ಎಲ್ಲಿಗಿ ಹೊಂಟ್ರಿ? ಕುಂಡ್ರಿ, ಹುಡುಗ ಹೋಗಿ ತರ್ತಾನ.’ ಆ ಮಾತಿನಲ್ಲಿ ಪ್ರೀತಿಯಿದೆ, ಬಹುವಚನದ ಗೌರವವಿದೆ, ಬಿದ್ದಾರೆಂಬ ನಿಜವಾದ ಅಂಜಿಕೆಯಿದೆ. ಜೊತೆಗೆ ಒಂದು ತೀರ್ಪೂ ಇದೆ. ಇನ್ನು ಮುಂದೆ ಎಲ್ಲಿಗೆ ಹೋಗಬೇಕು, ಯಾವ ದಾರಿಯಲ್ಲಿ ಹೋಗಬೇಕು, ಎಷ್ಟು ಹೊತ್ತಿಗೆ ಮರಳಬೇಕು ಎಂಬುದನ್ನು ನಿಮಗಾಗಿ ನಾವು ಗೊತ್ತುಮಾಡುತ್ತೇವೆ ಎನ್ನುವ ತೀರ್ಪು ಅದು. ಅದನ್ನು ಕೊಟ್ಟವರಿಗೆ ಕೊಟ್ಟದ್ದು ತಿಳಿದಿರುವುದಿಲ್ಲ. ಕೇಳಿಸಿಕೊಂಡವರು ಮಾತ್ರ ಮೆಲ್ಲಗೆ ಕಟ್ಟೆಯ ಮೇಲೆ ಕೂರುತ್ತಾರೆ.

ಈ ತೀರ್ಪನ್ನು ಒಪ್ಪದ ಒಂದು ಆಟ ಜಗತ್ತಿನಲ್ಲಿದೆ ಎಂಬುದು ಬಹುಕಾಲದಿಂದ ನನ್ನ ಮನಸ್ಸನ್ನು ಹಿಡಿದಿದೆ. ಅದರ ಹೆಸರು ಓರಿಯೆಂಟಿಯರಿಂಗ್. ಸ್ವೀಡನ್, ನಾರ್ವೆಗಳ ಸೈನಿಕರ ಅಭ್ಯಾಸವಾಗಿ 19ನೇ ಶತಮಾನದಲ್ಲಿ ಹುಟ್ಟಿದ ಇದನ್ನು, ಅರ್ನ್ಸ್ಟ್ ಕಿಲ್ಲಾಂಡರ್ ಎಂಬ ಸೈನ್ಯಾಧಿಕಾರಿ 1919ರಲ್ಲಿ ಸ್ಟಾಕ್‌ಹೋಮಿನ ಹೊರವಲಯದ ಕಾಡಿಗೆ ತಂದು ಜನಸಾಮಾನ್ಯರ ಆಟವಾಗಿಸಿದ. 1961ರಲ್ಲಿ ಕೋಪನ್‌ಹೇಗನ್‌ನಲ್ಲಿ ಹತ್ತು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಆಟದ ಬಗೆ ಹೇಳಲು ಸರಳ. ಹೊರಡುವ ಗಳಿಗೆಯಲ್ಲಿ ಸ್ಪರ್ಧಿಯ ಕೈಗೆ ಕಾಡಿನ ಒಂದು ನಕ್ಷೆ ಸಿಗುತ್ತದೆ. ಅದರಲ್ಲಿ ನೇರಳೆ ಬಣ್ಣದ ವೃತ್ತಗಳಿರುತ್ತವೆ. ಒಂದೊಂದು ವೃತ್ತದ ನಡುವೆ ಕಾಡಿನಲ್ಲಿ ಒಂದು ಬಂಡೆಯೋ, ತೊರೆಯ ತಿರುವೋ, ಒಂದು ತಗ್ಗೋ ಇರುತ್ತದೆ. ಅಲ್ಲಿ ಬಿಳಿ ಮತ್ತು ಕಿತ್ತಳೆ ಬಣ್ಣದ ಒಂದು ಬಟ್ಟೆಯ ಗುರುತು ತೂಗುತ್ತಿರುತ್ತದೆ. ಆ ಗುರುತುಗಳನ್ನು ಕೊಟ್ಟ ಕ್ರಮದಲ್ಲೇ ಮುಟ್ಟಿ ಬರಬೇಕು. ವೃತ್ತದಿಂದ ವೃತ್ತಕ್ಕೆ ನಕ್ಷೆಯಲ್ಲಿ ನೇರ ಗೆರೆ ಎಳೆದಿರುತ್ತಾರೆ, ಆದರೆ ಕಾಡಿನಲ್ಲಿ ನೇರ ದಾರಿ ಇರುವುದಿಲ್ಲ. ಗುಡ್ಡ ಹತ್ತಿ ಇಳಿಯುವುದೋ, ಸುತ್ತಿ ಬರುವುದೋ, ಜೌಗನ್ನು ದಾಟುವುದೋ, ಕಾಲುದಾರಿ ಹಿಡಿಯುವುದೋ ಎಂಬುದು ಅವರವರ ವಿವೇಕಕ್ಕೆ ಬಿಟ್ಟದ್ದು. ನಕ್ಷೆ ಮತ್ತು ದಿಕ್ಸೂಚಿಯ ಹೊರತು ದಾರಿ ತೋರಿಸುವ ಯಾವ ಯಂತ್ರದ ನೆರವನ್ನೂ ಪಡೆಯುವಂತಿಲ್ಲ.

ಇದರಲ್ಲಿ ಹಿರಿಯರಿಗೆಂದೇ ವಿಶ್ವ ಚಾಂಪಿಯನ್‌ಷಿಪ್ ಇದೆ. 1996ರಿಂದ ಆ ಹೆಸರಿನಲ್ಲಿ ನಡೆದುಬಂದಿರುವ ಈ ಕೂಟ 2024ರಲ್ಲಿ ಫಿನ್ಲೆಂಡಿನ ತುರ್ಕುವಿನಲ್ಲಿ, 2025ರಲ್ಲಿ ಸ್ಪೇನಿನ ಜಿರೋನಾದಲ್ಲಿ ಸೇರಿತು. 35 ವರ್ಷ ತುಂಬಿದವರಿಂದ ಮೊದಲಾಗಿ ಐದೈದು ವರ್ಷಕ್ಕೊಂದು ವರ್ಗ. ಎಪ್ಪತ್ತು, ಎಂಬತ್ತು, ತೊಂಬತ್ತರ ವರ್ಗಗಳೂ ಇವೆ, ಗಂಡಸರಿಗೂ ಹೆಂಗಸರಿಗೂ. ತೊಂಬತ್ತರ ಮನುಷ್ಯ ಓಡಲೇಬೇಕೆಂದೇನೂ ಇಲ್ಲ. ನಡೆಯುತ್ತಾರೆ, ನಿಲ್ಲುತ್ತಾರೆ, ನಕ್ಷೆಯನ್ನು ನೆಲಕ್ಕೆ ಹೊಂದಿಸಿ ನೋಡುತ್ತಾರೆ, ಮತ್ತೆ ನಡೆಯುತ್ತಾರೆ. ಕಾಡಿನೊಳಗೆ ಹೋಗುವಾಗ ಒಬ್ಬರೇ ಹೋಗುತ್ತಾರೆ.

ಈ ಕೂಟದ ಒಂದು ವ್ಯವಸ್ಥೆಯ ಬಗ್ಗೆ ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಕಾಡಿನ ಸ್ಪರ್ಧೆಯ ಮೂಲ ನಕ್ಷೆಯ ಪ್ರಮಾಣ 1:15,000; ಅಂದರೆ ಕಾಗದದ ಮೇಲಿನ ಒಂದು ಸೆಂಟಿಮೀಟರ್ ನೆಲದ ಮೇಲೆ 150 ಮೀಟರ್. ವಯಸ್ಸಾದವರ ಕಣ್ಣಿಗೆ ಆ ಸಣ್ಣ ಗೆರೆಗಳು ಕಾಣುವುದಿಲ್ಲ. ಆಗ ಏನು ಮಾಡಬೇಕು? ‘ಕಣ್ಣು ಕಾಣುವುದಿಲ್ಲ, ಕಾಡು ಬೇಡ’ ಎನ್ನಬಹುದಿತ್ತು. ‘ಮುಂದೊಬ್ಬ ಹುಡುಗನನ್ನು ಕಳಿಸುತ್ತೇವೆ, ಅವನ ಹಿಂದೆ ಬನ್ನಿ’ ಎನ್ನಬಹುದಿತ್ತು. ಅವರು ಮಾಡಿದ್ದು ಇಷ್ಟೇ: ಅದೇ ನಕ್ಷೆಯನ್ನು 1:10,000ಕ್ಕೆ, ಇನ್ನೂ ಹಿರಿಯರಿಗೆ 1:7,500ಕ್ಕೆ ಹಿಗ್ಗಿಸಿ ಅಚ್ಚು ಹಾಕಿಸಿದರು. ನಡೆಯಬೇಕಾದ ದೂರವನ್ನು ತಗ್ಗಿಸಿದರು, ಕಡಿದಾದ ಏರನ್ನು ಕಡಿಮೆ ಮಾಡಿದರು. ದಾರಿ ಆರಿಸುವ ಕೆಲಸವನ್ನು ಮಾತ್ರ ಆ ಹಿರಿಯರ ಕೈಯಿಂದ ಕಸಿದುಕೊಳ್ಳಲಿಲ್ಲ. ಕರುಣೆಗೆ ಎರಡು ಮುಖಗಳಿರುವುದು ನನಗೆ ಇಲ್ಲಿ ಸ್ಪಷ್ಟವಾಗಿ ಕಂಡಿತು. ಒಂದು ಕರುಣೆ ಮನುಷ್ಯನ ಜಗತ್ತನ್ನು ಅವನ ದೌರ್ಬಲ್ಯದ ಅಳತೆಗೆ ಕುಗ್ಗಿಸುತ್ತದೆ. ಇನ್ನೊಂದು, ಜಗತ್ತು ಇದ್ದಷ್ಟೇ ದೊಡ್ಡದಾಗಿರಲೆಂದು ಅದನ್ನು ಓದುವ ಅಕ್ಷರವನ್ನು ಹಿಗ್ಗಿಸುತ್ತದೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇರುವುದು ಯಾವುದು?

ಈ ಪ್ರಶ್ನೆಯನ್ನು ಹುಮನಾಬಾದಿನ ನೆಲದಲ್ಲಿ ನಿಂತು ಕೇಳಿಕೊಳ್ಳುವುದಕ್ಕೆ ಕಾರಣವಿದೆ. ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯೂ ಕಲಬುರಗಿಯಿಂದ ಬೀದರ್‌ಗೆ ಹೋಗುವ ದಾರಿಯೂ ಕೂಡುವ ಊರು ಇದು. ಕೆಂಪು ಮಣ್ಣಿನ ದಿನ್ನೆ, ಕಪ್ಪು ಮಣ್ಣಿನ ತಗ್ಗು, ತೊಗರಿ ಹೊಲ, ಕಬ್ಬಿನ ಗದ್ದೆ, ನಡುವೆ ಸಣ್ಣ ಸಣ್ಣ ಹಳ್ಳಗಳು. ಈ ಸೀಮೆಯ ಹಳಬರನ್ನು ದಾರಿ ಕೇಳಿದರೆ, ‘ಹಳ್ಳ ದಾಟ್ರಿ, ದೊಡ್ಡ ಬೇವಿನ ಗಿಡದ ಬಲ್ಲಿ ಎಡಕ್ಕ ಹೊಳ್ರಿ, ಮುಂದ ಹಾಳ ಬಾವಿ ಸಿಗ್ತದ’ ಎನ್ನುತ್ತಾರೆ. ಕಾಡಿನ ಸ್ಪರ್ಧಿಗೆ ನಕ್ಷೆಯ ಜೊತೆ ಕೊಡುವ ವಿವರಣೆಯ ಚೀಟಿಯಲ್ಲಿ ಇರುವುದೂ ಇಂಥದ್ದೇ: ಯಾವ ಬಂಡೆ, ಅದರ ಯಾವ ಮಗ್ಗುಲು, ಯಾವ ಹಳ್ಳದ ಯಾವ ತಿರುವು. ಹೊಲದ ಬದುವಿನ ಜಗಳ ಬಂದು ಮೋಜಣಿದಾರ ಸರಪಳಿ ಎಳೆಯುವ ದಿನ, ಮಣ್ಣಿನಲ್ಲಿ ಹುದುಗಿಹೋದ ಬಾಂದು ಕಲ್ಲು ಎಲ್ಲಿದೆಯೆಂದು ಕೋಲು ನೆಟ್ಟು ತೋರಿಸುವವರು ಊರಿನ ಹಿರಿಯರೇ. ನೆಲವನ್ನು ತಲೆಯೊಳಗೆ ಇಟ್ಟುಕೊಂಡ ಒಂದು ತಲೆಮಾರು ಅದು. ಫೋನು ‘ಬಲಕ್ಕೆ ತಿರುಗಿ’ ಎಂದಾಗ ತಿರುಗುವ ನಾವು, ಆ ತಲೆಮಾರಿಗೆ ದಾರಿ ತಿಳಿಯದು ಎಂದು ತೀರ್ಮಾನಿಸಿ ಕೂರಿಸಿದ್ದೇವೆ.

ಇದೇ ಹೆದ್ದಾರಿಯಲ್ಲಿ ಸೀಗೆ ಹುಣ್ಣಿಮೆಯ ದಿನಗಳಲ್ಲಿ ತುಳಜಾಪುರದ ಅಂಬಾಭವಾನಿಗೆ ನಡೆದು ಹೋಗುವವರ ಸಾಲು ಸಾಗುತ್ತದೆ. ರಾಜೇಶ್ವರ, ಉಮರ್ಗಾ, ನಳದುರ್ಗ ದಾಟಿ ರಾತ್ರಿ ಹಗಲು ನಡೆಯುವ ಆ ಸಾಲಿನಲ್ಲಿ ಬಿಳಿಯ ತಲೆಗಳು ಬಹಳ. ಅವರನ್ನು ಯಾರೂ ತಡೆಯುವುದಿಲ್ಲ. ದಾರಿಯುದ್ದಕ್ಕೂ ನೀರು ಕೊಡುತ್ತಾರೆ, ಊಟಕ್ಕೆ ಕರೆಯುತ್ತಾರೆ, ಕಾಲು ಮುಟ್ಟಿ ನಮಸ್ಕರಿಸುತ್ತಾರೆ. ನೂರು ಕಿಲೋಮೀಟರಿಗೂ ಮಿಗಿಲಾದ ದೂರಕ್ಕೆ ಒಪ್ಪಿಗೆ ಕೊಟ್ಟ ಅದೇ ಮನೆ, ಊರು ಸೇರಿದ ಮರುದಿನ ಬ್ಯಾಂಕಿಗೆ ಒಬ್ಬರೇ ಹೋಗುತ್ತೇನೆಂದ ಆಯಿಯನ್ನು ಬಾಗಿಲಲ್ಲಿ ನಿಲ್ಲಿಸುತ್ತದೆ. ಇದೇಕೆ ಹೀಗೆ? ಕಾಲಿನ ಶಕ್ತಿಯ ಬಗ್ಗೆ ಸಂದೇಹ ಇದ್ದಿದ್ದರೆ ತುಳಜಾಪುರಕ್ಕೂ ಕಳಿಸುತ್ತಿರಲಿಲ್ಲ. ದೇವರ ದಾರಿ ಒಂದೇ, ಅದು ಗೊತ್ತಿರುವ ದಾರಿ, ಹಿಂದೆ ಮುಂದೆ ಜನವಿದೆ. ಅಲ್ಲಿ ಅವರು ಏನನ್ನೂ ನಿರ್ಧರಿಸಬೇಕಾಗಿಲ್ಲ. ನಮಗೆ ಅಂಜಿಕೆ ಇರುವುದು ಹಿರಿಯರ ನಿರ್ಧಾರದ ಬಗ್ಗೆ ಎಂದು ನನಗೆ ಅನ್ನಿಸುತ್ತದೆ. ಅವರು ಬೀಳುತ್ತಾರೆಂಬ ಭಯವನ್ನು ಬಾಯಲ್ಲಿ ಹೇಳುತ್ತೇವೆ, ತಮ್ಮ ಮನಸ್ಸಿಗೆ ಬಂದದ್ದನ್ನು ಮಾಡುತ್ತಾರೆಂಬ ಭಯವನ್ನು ಹೇಳುವುದಿಲ್ಲ.

ಹೆಂಗಸರ ಮಾತಂತೂ ಬೇರೆಯೇ. ನಮ್ಮ ಸೀಮೆಯಲ್ಲಿ ಇಂದು ಎಪ್ಪತ್ತು ದಾಟಿದ ಬಹುಪಾಲು ಹೆಣ್ಣುಮಕ್ಕಳು ಬಾಲ್ಯದಲ್ಲಿ ತಂದೆ ತೋರಿದ ದಾರಿಯಲ್ಲಿ, ಆಮೇಲೆ ಗಂಡನ ಹಿಂದೆ, ಈಗ ಮಗನ ಗಾಡಿಯ ಹಿಂದಿನ ಸೀಟಿನಲ್ಲಿ ಸಾಗಿದವರು. ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಒಬ್ಬಳೇ ಕಲ್ಯಾಣಕ್ಕೆ ನಡೆದು ಬಂದಳೆಂದು, ಅಲ್ಲಿಂದ ಮತ್ತೆ ಶ್ರೀಶೈಲದ ಕಾಡಿಗೆ ಹೋದಳೆಂದು ಎಂಟುನೂರಕ್ಕೂ ಹೆಚ್ಚು ವರ್ಷಗಳಿಂದ ಹೆಮ್ಮೆಯಿಂದ ಹೇಳಿಕೊಳ್ಳುವ ನೆಲ ಇದು. ಬಸವಕಲ್ಯಾಣದಲ್ಲಿ ಅವಳ ಹೆಸರು ಎತ್ತದ ಸಭೆ ಅಪರೂಪ. ಆದರೆ ಮನೆಯ ಅಕ್ಕನಿಗೆ, ಅವ್ವನಿಗೆ ಸಂತೆಗೆ ಯಾವ ಓಣಿಯಿಂದ ಹೋಗಬೇಕೆಂದು ಆರಿಸುವ ಸ್ವಾತಂತ್ರ್ಯವನ್ನು ನಾವು ಕೊಟ್ಟಿದ್ದೇವೆಯೇ? ದೂರದ ಕಾಡಿನಲ್ಲಿ ಎಪ್ಪತ್ತೈದರ ಹೆಣ್ಣೊಬ್ಬಳು ನಕ್ಷೆ ಹಿಡಿದು, ಈ ಗುಡ್ಡ ಬೇಡ, ಸುತ್ತಿ ಹೋಗುತ್ತೇನೆ ಎಂದು ತನ್ನಷ್ಟಕ್ಕೆ ತೀರ್ಮಾನಿಸುವುದನ್ನು ನೆನೆದಾಗ, ಅವಳ ಪದಕಕ್ಕಿಂತ ಆ ತೀರ್ಮಾನದ ಗಳಿಗೆಯೇ ನನಗೆ ಹಿರಿದಾಗಿ ತೋರುತ್ತದೆ.

ನಕ್ಷೆಯೊಂದಿಗೆ ಈ ನೆಲಕ್ಕೆ ಹಳೆಯ ನಂಟೂ ಒಂದಿದೆ. ಭಾರತದ ಉದ್ದಕ್ಕೂ ನೆಲವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ಸರ್ವೇಕ್ಷಣೆಯನ್ನು 1802ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ವಿಲಿಯಂ ಲ್ಯಾಂಬ್‌ಟನ್, 1815ರಲ್ಲಿ ಬೀದರ್ ಬಳಿಯ ದಾಮರಗಿದ್ದಾದಲ್ಲಿ ಒಂದು ಆಧಾರರೇಖೆಯನ್ನು ಅಳೆದ. ಆಗ ಅವನು ಅರವತ್ತರ ಆಸುಪಾಸಿನವನು. ಆ ಅಳತೆ ಕಂಪನಿಯ ಆಳ್ವಿಕೆಗೆ ಬಲ ಕೊಟ್ಟಿತು ಎಂಬುದನ್ನೂ, ಕೋನ ಅಳೆಯುವ ಅರ್ಧ ಟನ್ ತೂಕದ ಯಂತ್ರವಾದ ಥಿಯೋಡಲೈಟನ್ನು ಹೊತ್ತ ಖಲಾಸಿಗಳ ಹೆಸರು ಎಲ್ಲೂ ಉಳಿಯಲಿಲ್ಲ ಎಂಬುದನ್ನೂ ಮರೆಯಬಾರದು. ಆದರೂ ಆ ಮುದುಕನ ಬಾಳಿನ ಎರಡು ಸಂಗತಿಗಳು ನನ್ನನ್ನು ಸೆಳೆಯುತ್ತವೆ.

1799ರಲ್ಲಿ ಟಿಪ್ಪುವಿನ ವಿರುದ್ಧದ ಯುದ್ಧದಲ್ಲಿ ಶ್ರೀರಂಗಪಟ್ಟಣದ ಸಮೀಪ ಒಂದು ರಾತ್ರಿ ಜನರಲ್ ಬೇರ್ಡ್ ತನ್ನ ಪಡೆಯನ್ನು ಮರಳಿ ಬಿಡಾರಕ್ಕೆ ಒಯ್ಯುತ್ತಿದ್ದ. ಲ್ಯಾಂಬ್‌ಟನ್ ನಕ್ಷತ್ರ ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಶತ್ರುವಿನ ಕಡೆಗೇ ನಡೆಯುತ್ತಿದ್ದೇವೆ ಎಂದ. ಜನರಲ್ ಮೊದಲು ನಂಬಲಿಲ್ಲ. ದಿಕ್ಸೂಚಿ ನೋಡಿದಾಗ ಲ್ಯಾಂಬ್‌ಟನ್ ಹೇಳಿದ್ದೇ ನಿಜವಾಗಿತ್ತು. ಎರಡನೆಯದು 1808ರದು. ತಂಜಾವೂರಿನ ದೇವಾಲಯದ ಗೋಪುರಕ್ಕೆ ಆ ಥಿಯೋಡಲೈಟನ್ನು ಏರಿಸುವಾಗ ಹಗ್ಗ ಹರಿದು, ಯಂತ್ರ ಗೋಡೆಗೆ ಬಡಿದು ವಿಕಾರವಾಯಿತು. ಅವನು ಡೇರೆಯೊಳಗೆ ಸೇರಿ ವಾರಗಟ್ಟಲೆ ಕುಳಿತು ಅದನ್ನು ತಾನೇ ಬಿಚ್ಚಿ, ತಿದ್ದಿ, ಜೋಡಿಸಿದ. ಅದೇ ಯಂತ್ರದಿಂದ ಅಳತೆ ಮುಂದುವರಿಯಿತು. 1823ರಲ್ಲಿ, ಎಪ್ಪತ್ತರ ಹತ್ತಿರದಲ್ಲಿ, ಹೈದರಾಬಾದಿನಿಂದ ನಾಗಪುರದ ಕಡೆಗೆ ಹೋಗುವ ದಾರಿಯಲ್ಲಿ ಹಿಂಗನಘಾಟ್ ಎಂಬಲ್ಲಿ ಅವನು ತೀರಿಕೊಂಡ. ಕೊನೆಯವರೆಗೂ ಬಯಲಿನಲ್ಲೇ ಇದ್ದ.

ದಿಕ್ಕು ತಪ್ಪಿದ್ದನ್ನು ಅರಿಯುವುದು, ಕೆಟ್ಟದ್ದನ್ನು ಸರಿಪಡಿಸಿಕೊಳ್ಳುವುದು: ಓರಿಯೆಂಟಿಯರಿಂಗ್‌ನ ಒಳತಿರುಳೂ ಇವೇ. ಹೊರಗಿನಿಂದ ನೋಡುವವರಿಗೆ ಇದು ದಾರಿ ತಪ್ಪದವರ ಆಟವೆಂದು ತೋರುತ್ತದೆ. ಕಾಡಿಗೆ ಹೋದವರೆಲ್ಲ ಒಂದಲ್ಲ ಒಂದು ಸಲ ತಪ್ಪುತ್ತಾರೆ. ತಪ್ಪಿದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಎಳಸೂ ಪಕ್ವವೂ ಬೇರೆಯಾಗುತ್ತವೆ. ಎಳೆಯ ಸ್ಪರ್ಧಿ ತಪ್ಪಿದ್ದು ಗೊತ್ತಾದಾಗ ವೇಗ ಹೆಚ್ಚಿಸುತ್ತಾನೆ. ಎದುರಿಗೆ ಕಂಡ ಬಂಡೆಯನ್ನೇ ನಕ್ಷೆಯ ಬಂಡೆಯೆಂದು ನಂಬಲು ಹವಣಿಸುತ್ತಾನೆ. ನೆಲವನ್ನು ತನ್ನ ಆಸೆಗೆ ಬಗ್ಗಿಸಲು ನೋಡುತ್ತಾನೆ. ಪಳಗಿದವರು ನಿಂತುಬಿಡುತ್ತಾರೆ. ಖಚಿತವಾಗಿ ತಿಳಿದಿದ್ದ ಕೊನೆಯ ಜಾಗ ಯಾವುದೆಂದು ಕೇಳಿಕೊಳ್ಳುತ್ತಾರೆ, ಬೇಕಾದರೆ ಅಲ್ಲಿಯವರೆಗೂ ಹಿಂದಿರುಗುತ್ತಾರೆ. ಇನ್ನೊಂದು ಜಾಣತನವೂ ಅವರಲ್ಲಿದೆ. ತೊರೆಯ ದಂಡೆಯ ಮೇಲಿನ ಗುರುತಿಗೆ ನೇರವಾಗಿ ಗುರಿಯಿಟ್ಟರೆ, ತೊರೆ ಸಿಕ್ಕಾಗ ಗುರುತು ಎಡಕ್ಕೋ ಬಲಕ್ಕೋ ತಿಳಿಯದು. ಅದಕ್ಕೆ ಬೇಕೆಂದೇ ಸ್ವಲ್ಪ ಎಡಕ್ಕೆ ವಾಲಿ ನಡೆಯುತ್ತಾರೆ. ತೊರೆ ಮುಟ್ಟಿದೊಡನೆ ಬಲಕ್ಕೆ ಹೊರಳಿದರಾಯಿತು. ತನ್ನ ಅಳತೆ ಸ್ವಲ್ಪ ತಪ್ಪೇ ಆಗುತ್ತದೆಂದು ಮೊದಲೇ ಒಪ್ಪಿಕೊಂಡವನಿಗೆ ಮಾತ್ರ ಹೊಳೆಯುವ ಉಪಾಯ ಇದು. ಬಾಳಿನಲ್ಲಿ ಇಂಥ ಒಪ್ಪಿಗೆ ಇಪ್ಪತ್ತೈದರಲ್ಲಿ ಎಷ್ಟು ಜನಕ್ಕೆ ಬರುತ್ತದೆ? ನಿಲ್ಲುವುದು, ಹಿಂದಿರುಗುವುದು, ನನಗೆ ಗೊತ್ತಾಗಲಿಲ್ಲ ಎಂದು ಒಪ್ಪುವುದು, ಇವೆಲ್ಲ ವಯಸ್ಸು ಕೊಡುವ ಸಂಪತ್ತು. ಮುಪ್ಪನ್ನು ನಾವು ಯಾವಾಗಲೂ ಕಳೆದುಕೊಂಡದ್ದರ ಪಟ್ಟಿಯಾಗಿ ನೋಡುತ್ತೇವೆ. ಕಾಲು ನಿಧಾನವಾದಷ್ಟೂ ತೀರ್ಮಾನ ಹದಗೊಳ್ಳಬಹುದು ಎಂಬ ಎಣಿಕೆಯ ಮೇಲೆ ಕಟ್ಟಿದ ಆಟವೊಂದು ಇರುವುದು ಮನುಷ್ಯಕುಲಕ್ಕೆ ಒಳ್ಳೆಯದೇ.

ಹಾಗೆಂದು ಮನೆಯವರ ಅಂಜಿಕೆ ಸುಳ್ಳೆನ್ನಲಾರೆ. ಬಿದ್ದು ಸೊಂಟ ಮುರಿದ ಮೇಲೆ ಏಳದೇ ಹೋದವರನ್ನು ನಾವೆಲ್ಲರೂ ಕಂಡಿದ್ದೇವೆ. ಮರೆವಿನ ಕಾಯಿಲೆ ಹತ್ತಿ, ನಲವತ್ತು ವರ್ಷ ಬಾಳಿದ ಓಣಿಯಲ್ಲಿ ಮನೆ ಯಾವುದೆಂದು ತಿಳಿಯದೆ ನಿಂತವರ ಕಣ್ಣನ್ನು ನೋಡಿದವರಿಗೆ, ‘ಅವರನ್ನು ಅವರ ಪಾಡಿಗೆ ಬಿಡಿ’ ಎಂಬ ಮಾತು ಕ್ರೂರವಾಗಿ ಕೇಳಿಸುತ್ತದೆ. ಅಂಥವರ ಕೈ ಹಿಡಿದೇ ನಡೆಸಬೇಕು. ಆದರೆ ಹತ್ತು ಜನರಲ್ಲಿ ಒಬ್ಬರಿಗೆ ಬೇಕಾದ ಕಾವಲನ್ನು ಹತ್ತೂ ಜನರ ಮೇಲೆ ಹೇರುವುದು ನ್ಯಾಯವೇ? ಕಾವಲೇ ಅವರನ್ನು ಬೇಗ ಕುಗ್ಗಿಸುತ್ತಿರಲೂಬಹುದು. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, 18ರಿಂದ 87 ವರ್ಷದವರೆಗಿನವರನ್ನು ವಿಚಾರಿಸಿದಾಗ, ಈ ಆಟ ಆಡುವವರು ದಾರಿ ಗುರುತಿಸುವುದರಲ್ಲೂ ಜಾಗಗಳ ನೆನಪಿನಲ್ಲೂ ಆಡದವರಿಗಿಂತ ಮುಂದಿದ್ದರು. ಅದು ಅವರವರೇ ಹೇಳಿಕೊಂಡ ಉತ್ತರಗಳ ಮೇಲೆ ನಿಂತ ಅಧ್ಯಯನ. ಮರೆವಿಗೆ ಇದೇ ಮದ್ದು ಎಂದು ಅದರಿಂದ ಸಾಧಿಸಲಾಗದು. ಬಳಸದ ಕತ್ತಿ ತುಕ್ಕು ಹಿಡಿಯುವಂತೆ ನಿರ್ಧರಿಸದ ಮನಸ್ಸೂ ಮೊಂಡಾಗುತ್ತದೆ ಎಂಬ ನಮ್ಮ ಅನುಭವಕ್ಕೆ ಅದು ವಿರುದ್ಧವಾಗಿಲ್ಲ, ಅಷ್ಟೇ.

2017ರಲ್ಲಿ ಹಿರಿಯರ ಈ ಓರಿಯೆಂಟಿಯರಿಂಗ್ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದ ಭಾಗವಾಗಿ ನಡೆಯಿತು. ಅದೇ ಕೂಟದ ಓಟದ ಅಂಗಳದಲ್ಲಿ ಚಂಡೀಗಢದ ಮಾನ್ ಕೌರ್ ತಮ್ಮ 101ನೇ ವಯಸ್ಸಿನಲ್ಲಿ ನೂರು ಮೀಟರ್ ಓಡಿ ಚಿನ್ನ ಪಡೆದರು. ಅವರ ವರ್ಗದಲ್ಲಿ ಬೇರೆ ಯಾರೂ ಇರಲಿಲ್ಲ ಎಂದು ಕೆಲವರು ಅದನ್ನು ಹಗುರಾಗಿ ಕಂಡರು. ನನಗೆ ಮುಖ್ಯವಾಗಿ ತೋರುವುದು ಅವರ ಮಗ ಗುರುದೇವ್ ಸಿಂಗ್ ಮಾಡಿದ ಕೆಲಸ. ತೊಂಬತ್ಮೂರರ ತಾಯಿಗೆ ‘ಕೂರು’ ಎನ್ನದೆ, ‘ಓಡಿ ನೋಡು’ ಎಂದ ಮಗ ಅವರು. ತಾವೂ ಹಿರಿಯರ ವರ್ಗದಲ್ಲಿ ಓಡುತ್ತಿದ್ದವರು. 2021ರಲ್ಲಿ 105ನೇ ವಯಸ್ಸಿನಲ್ಲಿ ಮಾನ್ ಕೌರ್ ತೀರಿಕೊಂಡರು.

ನಮ್ಮಲ್ಲೂ ಅಕ್ಟೋಬರ್ 1ರ ಹಿರಿಯ ನಾಗರಿಕರ ದಿನಕ್ಕೆಂದು ಜಿಲ್ಲೆ ಜಿಲ್ಲೆಗಳಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಅರವತ್ತು, ಎಪ್ಪತ್ತು, ಎಂಬತ್ತು ದಾಟಿದವರಿಗೆ ಬೇರೆ ಬೇರೆಯಾಗಿ ಬಿರುಸಿನ ನಡಿಗೆ, ಚೆಂಡು ಎಸೆಯುವುದು, ಹಾಡು, ಏಕಪಾತ್ರಾಭಿನಯ. ಆ ದಿನ ಧೋತರ ಎತ್ತಿ ಕಟ್ಟಿ ನಿಂತ ಅಜ್ಜಂದಿರ ಮುಖದ ಹುರುಪು ನೋಡುವಂಥದು. ಅದನ್ನು ನಡೆಸುವವರಿಗೆ ನಮ್ಮ ಕೃತಜ್ಞತೆ ಸಲ್ಲಬೇಕು. ಆ ಸ್ಪರ್ಧೆಗಳ ಸಾಲಿಗೆ ನಕ್ಷೆಯದೊಂದು ಸೇರಲಿ ಎಂಬುದು ನನ್ನ ಬಯಕೆ. ನಕ್ಷೆ ನಮ್ಮ ಜನಕ್ಕೆ ಬಹುಕಾಲ ಸರ್ಕಾರದ ವಸ್ತುವಾಗಿತ್ತು. ನಿಜಾಮರ ಕಾಲದಲ್ಲಿ ಪಟವಾರಿಯ ಗಂಟಿನಲ್ಲಿತ್ತು, ಆಮೇಲೆ ಕಚೇರಿಯ ಕಪಾಟಿನಲ್ಲಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಸುವುದರ ಮೇಲಿನ ಹಳೆಯ ನಿರ್ಬಂಧಗಳನ್ನು ಬಹುಮಟ್ಟಿಗೆ ಸಡಿಲಿಸಿದೆ. ಬಸವಕಲ್ಯಾಣದ ಕೋಟೆ, ತ್ರಿಪುರಾಂತಕ ಕೆರೆಯ ಸುತ್ತಲಿನ ನೆಲ, ಹುಮನಾಬಾದಿನ ವೀರಭದ್ರೇಶ್ವರ ಗುಡಿಯ ಸುತ್ತಣ ಓಣಿಗಳು, ಮಾಣಿಕನಗರದ ಬಯಲು, ಇವನ್ನು ಶಾಲೆಯ ಮಕ್ಕಳು ಭೂಗೋಳದ ಮೇಷ್ಟ್ರ ಜೊತೆ ಅಳೆದು ನಕ್ಷೆ ಬರೆಯಬಹುದು. ಹತ್ತು ಗುರುತು ಇಡಬಹುದು. ಮಕ್ಕಳು ಬರೆದ ನಕ್ಷೆಯಲ್ಲಿ ಬಿಟ್ಟುಹೋದ ಹಾಳುಬಾವಿಯನ್ನು ಅಜ್ಜ ತೋರಿಸಿಕೊಟ್ಟರೆ ಅದನ್ನೂ ಸೇರಿಸಬಹುದು. ಇದಕ್ಕೆ ದೊಡ್ಡ ಖರ್ಚಿಲ್ಲ, ಮೈದಾನವೂ ಬೇಡ.

ಅದು ಆಗುವವರೆಗೆ ಮನೆಯಲ್ಲಿ ಮಾಡಬಹುದಾದದ್ದು ಇದೆ. ನಿಮ್ಮ ಮನೆಯ ಹಿರಿಯರು ನಾಳೆ ಸಂತೆಗೆಂದು ಚೀಲ ಹಿಡಿದರೆ, ದಯವಿಟ್ಟು ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಕನ್ನಡಕದ ನಂಬರು ಸರಿಯಿದೆಯೇ, ಚಪ್ಪಲಿ ಜಾರುವುದಿಲ್ಲವೇ ನೋಡಿ. ಮನೆಯ ವಿಳಾಸವನ್ನೂ ನಿಮ್ಮ ಫೋನ್ ನಂಬರನ್ನೂ ದಪ್ಪ ಅಕ್ಷರದಲ್ಲಿ ಬರೆದು ಜೇಬಿಗೆ ಹಾಕಿ, ಕಳಿಸಿಕೊಡಿ. ಯಾವ ಓಣಿಯಿಂದ ಹೋಗಬೇಕೆಂದು ಮಾತ್ರ ಹೇಳಬೇಡಿ.